ತಳ ಹಿಡಿದ ಎಣ್ಣೆಗಾಯಿ

ತೊಂದರೆ ಶುರುವಾದದ್ದು ಒಂದು ಬದನೆಕಾಯಿಯಿಂದ. ಅದೂ ರುದ್ರಪ್ಪನ ಬಾಯಿಗೆ ಬೀಳದ ಬದನೆಕಾಯಿಯಿಂದ.

ನಾಗಪುರದ ಸಿವಿಲ್ ಲೈನ್ಸ್‌ನ ಒಂದು ಸರ್ಕಾರಿ ಕಚೇರಿಯಲ್ಲಿ ರುದ್ರಪ್ಪ ಗುಮಾಸ್ತ. ಹುಬ್ಬಳ್ಳಿ ಶಾಖೆಯಿಂದ ವರ್ಗವಾಗಿ ಬಂದವನು. ಬಂದ ದಿನದಿಂದಲೂ ಮರಳಿ ಹೋಗುವ ಆಸೆ. ಅದಕ್ಕೆ ಬೇಕಾದದ್ದು ಮೇಲಧಿಕಾರಿ ವಾನಖೇಡೆ ಸಾಹೇಬರ ಒಂದು ಒಳ್ಳೆಯ ಮಾತು. ಸಾಹೇಬರು ಕೆಟ್ಟವರಲ್ಲ. ಆದರೆ ಅವರ ಬಾಯಿಂದ ಮಾತು ಹೊರಡಿಸುವುದು ಬೇಸಿಗೆಯ ನಳದಿಂದ ನೀರು ಹೊರಡಿಸಿದಷ್ಟೇ ಕಷ್ಟ. ಕೇಳಿದಾಗಲೆಲ್ಲ ಮರಾಠಿಯಲ್ಲಿ "ಬಘೂಯಾ" ಎನ್ನುತ್ತಿದ್ದರು. ನೋಡೋಣ ಎಂದರ್ಥ. ಅವರು ನೋಡುತ್ತಲೇ ಇದ್ದರು, ರುದ್ರಪ್ಪ ಕಾಯುತ್ತಲೇ ಇದ್ದ.

ಮನೆಯಲ್ಲಿ ಹೆಂಡತಿ ಅನಸೂಯ ಕೊನೆಯ ಮಾತು ಹೇಳಿಯಾಗಿತ್ತು. "ನಾಗಪುರದ ಬಿಸಲಾಗ ಬೇಯೋದು ಇದ ಕಡೀ ವರ್ಷ. ಮುಂದಿನ ಬ್ಯಾಸಗಿಗೆ ನಾ ಹುಬ್ಬಳ್ಳ್ಯಾಗ ನಮ್ಮ ತವರಿನಾಗ ಇರ್ತೀನಿ. ನೀವು ಎಲ್ಲಿರ್ತೀರಿ, ನೀವ ನೋಡ್ಕೋರಿ."

ಹೀಗಿರುವಾಗ ಒಂದು ಮಂಗಳವಾರ ಸಾಹೇಬರ ಸ್ಕೂಟರಿನ ಡಿಕ್ಕಿಯಲ್ಲಿ ಅವರ ಊಟದ ಡಬ್ಬಿ ಮಗುಚಿಕೊಂಡಿತು. ಬೇಳೆ ಸಾರು ಚಪಾತಿಯನ್ನೂ ಸ್ಕೂಟರಿನ ಸ್ಪ್ಯಾನರನ್ನೂ ಭೇದವಿಲ್ಲದೆ ನೆನೆಸಿತ್ತು. ರುದ್ರಪ್ಪ ತನ್ನ ಡಬ್ಬಿ ಸರಿಸಿ, ಒಂದು ತುತ್ತು ತೆಗೆದುಕೊಳ್ಳಬೇಕೆಂದು ವಿನಯದಿಂದ ಕೇಳಿಕೊಂಡ. ಒಂದು ತುತ್ತು ಎಂದದ್ದನ್ನು ಸಾಹೇಬರು ಇಡೀ ಡಬ್ಬಿ ಎಂದು ತಿಳಿದರು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ. ಮೊದಲ ತುತ್ತಿಗೆ ಮುಚ್ಚಿದ ಕಣ್ಣನ್ನು ಅವರು ತೆರೆದದ್ದು ಕೊನೆಯ ತುತ್ತಿಗೆ. ರುದ್ರಪ್ಪನಿಗೆ ಉಳಿದದ್ದು ಡಬ್ಬಿಯ ಅಂಚಿಗೆ ಅಂಟಿದ್ದ ಮಸಾಲೆ. ಬೆರಳಲ್ಲಿ ಬಳಿದು ನೆಕ್ಕಿದ. ಅವನಿಗೂ ಅನಿಸಿತು, ಇವತ್ತು ಏನೋ ಬೇರೆಯೇ ಇದೆ.

"ನನ್ನ ತಾಯಿ ಹೋದ ಮೇಲೆ ಇಂಥದ್ದು ತಿಂದಿಲ್ಲ ರುದ್ರಪ್ಪಾ," ಎಂದರು ಸಾಹೇಬರು. "ಭಾನುವಾರ ಮಧ್ಯಾಹ್ನ ನಿನ್ನ ಮನೆಗೆ ಬರ್ತೀನಿ. ಇದನ್ನೇ ಮಾಡಿಸು, ಬೇರೆ ಏನೂ ಬೇಡ. ಹುಬ್ಬಳ್ಳಿ ವಿಷಯವನ್ನೂ ಅಲ್ಲೇ ಮುಗಿಸೋಣ."

ಸಾಹೇಬರು ಮಾತನಾಡಿದ್ದು ಮರಾಠಿಯಲ್ಲಿ. ಮಾತೆಲ್ಲ ಅರ್ಥವಾದರೂ ರುದ್ರಪ್ಪನ ಕಿವಿಯಲ್ಲಿ ಉಳಿದದ್ದು ಹುಬ್ಬಳ್ಳಿ ಎಂಬ ಒಂದೇ ಶಬ್ದ.

ಭಾನುವಾರ ಬೆಳಕು ಹರಿಯುವ ಮೊದಲೇ ರುದ್ರಪ್ಪ ಕಾಟನ್ ಮಾರ್ಕೆಟ್ಟಿನ ತರಕಾರಿ ಸಾಲಿನಲ್ಲಿದ್ದ. ಹೆಣ್ಣು ನೋಡುವವರಂತೆ ಒಂದೊಂದು ಬದನೆಕಾಯಿಯನ್ನೂ ತಿರುಗಿಸಿ ನೋಡಿ, ಗುಂಡಗಿನ ಎಳೆಯ ಕಾಯಿಗಳನ್ನು ಚೀಲಕ್ಕೆ ಹಾಕಿಕೊಂಡು ಧಂತೋಲಿಯ ಮನೆಗೆ ಬಂದ. ಅನಸೂಯ ಶೇಂಗಾ, ಎಳ್ಳು, ಗುರೆಳ್ಳು, ಒಣಕೊಬ್ಬರಿ ಹುರಿದು ಕುಟ್ಟಿದಳು. ಹುಣಸೆಹುಳಿ, ಬೆಲ್ಲ, ಮಸಾಲೆ ಖಾರ ಬೆರೆಸಿ ಕಾಯಿಗಳಿಗೆ ತುಂಬಿ, ಸ್ಟೋವಿನ ಮೇಲೆ ಸಣ್ಣ ಉರಿಯಲ್ಲಿ ಇಟ್ಟಳು. ಪರಿಮಳ ಅಂಗಳ ದಾಟಿ ಬೀದಿಗೆ ಹೋಯಿತು.

ರುದ್ರಪ್ಪ ಒಂದು ಚೂರು ಬಾಯಿಗೆ ಹಾಕಿಕೊಂಡ. ಚಪ್ಪರಿಸಿದ. ಮುಖ ಸಣ್ಣದಾಯಿತು.

"ಚಲೋ ಐತಿ. ಆದ್ರ ಇದು ಅದಲ್ಲ."

"ಅದಲ್ಲ ಅಂದ್ರ?"

"ಮಂಗಳವಾರದ್ದು ಬ್ಯಾರೆ ಇತ್ತು. ಅವತ್ತು ಏನ್ ಹಾಕಿದ್ದಿ?"

"ಇದನ್ನ ಹಾಕಿದ್ದೆ. ಇದ ಶೇಂಗಾ, ಇದ ಎಣ್ಣಿ, ಇದ ಕೈ."

ಮಾತು ಕೇಳಿ ಮಹಡಿಯ ಮನೆಯಿಂದ ಬೋಪಣ್ಣ ಇಳಿದು ಬಂದರು. ಕೊಡಗಿನವರು, ವಾಯುಸೇನೆಯಿಂದ ನಿವೃತ್ತರಾದವರು. ಯಾರ ಮನೆಯಲ್ಲಿ ಏನೇ ನಡೆದರೂ ಅದು ತಮ್ಮ ಸರಹದ್ದಿನೊಳಗೆ ಬರುತ್ತದೆಂದು ನಂಬಿದವರು. ಒಂದು ಚೂರು ಕೇಳಿ ಪಡೆದು ತಿಂದರು. ಖಚಿತವಾಗಲಿಲ್ಲವೆಂದು ಇನ್ನೊಂದು ತಿಂದರು.

"ರುಚಿ ಮಸಾಲೇಲಿ ಇರಲ್ಲ ರುದ್ರಪ್ಪನವರೇ, ಹೊಗೇಲಿ ಇರುತ್ತೆ. ಸೌದೆ ಒಲೇಲಿ ಬೇಯಿಸಿದ್ದಕ್ಕೆ ಬರೋ ರುಚಿ ಸ್ಟೋವಿಗೆ ಎಲ್ಲಿಂದ ಬರ್ಬೇಕು?"

ಹೊಗೆ ಎಂದದ್ದೇ ತಡ, ಅನಸೂಯಳ ಕೈಯಲ್ಲಿದ್ದ ಸೌಟು ನಿಂತಿತು. ಅವಳು ಗಂಡನ ಮುಖ ನೋಡಲಿಲ್ಲ.

"ಅವತ್ತು ಸ್ವಲ್ಪ ಹೊತ್ತಿತ್ತು," ಎಂದಳು.

"ಏನು?"

"ನಳದ ಹತ್ರ ಆ ಕಲಾವತಿ ನನ್ನ ಕೊಡಾ ಸರಿಸಿ ತನ್ನ ಕೊಡಾ ಇಟ್ಟಿದ್ಲು. ಬಿಡ್ತೀನೇನು ನಾನು? ಕೇಳಾಕ ಹೋದೆ. ಕೇಳೂದು ಸ್ವಲ್ಪ ಉದ್ದ ಆತು. ಬಂದು ನೋಡೂದ್ರಾಗ ತಳ ಹಿಡದಿತ್ತು. ಮ್ಯಾಲಿಂದು ತಗದು ನಿಮ್ಮ ಡಬ್ಬಿಗೆ ಹಾಕಿದೆ. ಹೇಳಿದ್ರ ನೀವು ಒಯ್ತಿದ್ದಿಲ್ಲ."

ರುದ್ರಪ್ಪನ ಮುಖ ಅರಳಿತು. "ಹಂಗಾರ ಈಗೂ ಹೊತ್ತಸು!"

"ಬೇಕಂತ ಹೊತ್ತಸೂದಾ?" ಅನಸೂಯ ಸೌಟು ಎತ್ತಿದಳು. "ನಮ್ಮ ತವರಿನಾಗ ಯಾರೂ ಅಂಥಾ ಕೆಲಸ ಮಾಡಿಲ್ಲ. ಹೊತ್ತೂದು ಬ್ಯಾರೆ, ಹೊತ್ತಸೂದು ಬ್ಯಾರೆ."

ಆದರೂ ಹುಬ್ಬಳ್ಳಿಯ ಮುಖ ನೋಡಿ ಉರಿ ದೊಡ್ಡದು ಮಾಡಿ ಪಕ್ಕದಲ್ಲಿ ನಿಂತಳು. ತಳದಲ್ಲಿ ಚುರ್ ಎಂದ ಕೂಡಲೇ ಅವಳ ಕೈ ತಾನಾಗಿ ಹೋಗಿ ಉರಿ ಸಣ್ಣ ಮಾಡಿತು. ಮತ್ತೆ ದೊಡ್ಡದು ಮಾಡಿದಳು. ಮತ್ತೆ ಕೈ ಹೋಯಿತು. "ಆಗಂಗಿಲ್ರೀ," ಎಂದು ರೊಟ್ಟಿಯ ಹಿಟ್ಟು ತರಲು ಒಳಗೆ ಹೋದಳು.

ಇದೇ ಸಮಯವೆಂದು ರುದ್ರಪ್ಪ ಸ್ಟೋವಿನ ಬತ್ತಿಯನ್ನು ಪೂರ್ತಿ ಏರಿಸಿದ. ಅದು ಅವನಿಗೆ ಅಭ್ಯಾಸವಿಲ್ಲದ ಕೆಲಸ. ಉರಿ ಪಾತ್ರೆಯ ಕಿವಿ ಹಿಡಿದು ಮೇಲೆದ್ದಿತು, ಕಪ್ಪು ಹೊಗೆ ಕಿಟಕಿಯಿಂದ ಹೊರಬಿತ್ತು. ಹೊಗೆಯಲ್ಲಿ ರುಚಿಯಿದೆ ಎಂದು ಈಗಷ್ಟೇ ಹೇಳಿ ಅಂಗಳಕ್ಕೆ ಹೋಗಿದ್ದ ಬೋಪಣ್ಣನವರೇ ಅದನ್ನು ಮೊದಲು ಕಂಡರು. ಮೆಟ್ಟಿಲ ಬಳಿ ಅವರು ಕೆಂಪು ಬಣ್ಣ ಬಳಿದ ಎರಡು ಮರಳಿನ ಬಕೆಟ್ ಇಟ್ಟಿದ್ದರು. ಅವು ಉಪಯೋಗಕ್ಕೆ ಬರುವ ದಿನಕ್ಕಾಗಿ ನಿವೃತ್ತಿಯಾದಾಗಿನಿಂದ ಕಾದಿದ್ದರು.

"ಫೈರ್!" ಎಂದು ಕೂಗಿ ಒಳನುಗ್ಗಿ ಎರಡೂ ಬಕೆಟ್ ಸುರಿದರು.

ಪಾತ್ರೆಯ ಮೇಲೆ ಮುಚ್ಚಳವಿದ್ದುದರಿಂದ ಎಣ್ಣೆಗಾಯಿ ಉಳಿಯಿತು. ಸ್ಟೋವ್ ಉಳಿಯಲಿಲ್ಲ. ಅನಸೂಯ ಗಂಡನನ್ನೂ ಬೋಪಣ್ಣನವರನ್ನೂ ಒಂದೇ ನೋಟದಲ್ಲಿ ಅಡುಗೆಮನೆಯಿಂದ ಹೊರಗೆ ಹಾಕಿದಳು.

ಅಂಗಳದಲ್ಲಿ ನಿಂತು ರುದ್ರಪ್ಪ ಯೋಚಿಸಿದ. ಹೊತ್ತಬೇಕು, ಆದರೆ ತಾನಾಗಿ ಹೊತ್ತಬೇಕು. ತಾನಾಗಿ ಹೊತ್ತಬೇಕಾದರೆ ಅನಸೂಯ ಒಲೆ ಮರೆಯಬೇಕು. ಅವಳು ಒಲೆ ಮರೆಯುವುದು ಒಂದೇ ಕಾರಣಕ್ಕೆ. ನಳದ ಬಳಿ ಕೊಡಗಳು ಸಾಲಾಗಿ ಕೂತು ನೀರು ಕಾಯುತ್ತಿದ್ದವು. ಅವನು ಎದುರು ಮನೆಯ ಕದ ತಟ್ಟಿದ.

ಕಲಾವತಿ ಸೊಲ್ಲಾಪುರದವಳು, ಕನ್ನಡ ಮರಾಠಿ ಎರಡರಲ್ಲೂ ಸಮನಾಗಿ ಜಗಳವಾಡಬಲ್ಲವಳು. ಗಂಡ ಖಾಪರಖೇಡಾ ವಿದ್ಯುತ್ ಸ್ಥಾವರದಲ್ಲಿ ಕೆಲಸಕ್ಕಿದ್ದ. ಮನೆಯ ವಿದ್ಯುತ್ತೆಲ್ಲ ಇವಳದೇ ಎಂದು ಬೋಪಣ್ಣ ಹೇಳುವುದಿತ್ತು.

"ಕಲಾವತಿಬಾಯಿ, ಹೇಳಬಾರದು, ಆದ್ರೂ ಹೇಳ್ತೀನಿ. ನೀವು ಮಂಗಳವಾರ ಪಾಳಿ ಮುರದ್ರಿ ಅಂತ ನಮ್ಮಾಕಿ ಇನ್ನೂ ಸಿಟ್ಟಿನಾಗದಾಳ."

ಕಲಾವತಿಯ ಕಣ್ಣಲ್ಲಿ ನೀರು ಬಂತು. "ಖರೇ ಅಣ್ಣಾ, ತಪ್ಪು ನಂದ. ಅವತ್ತ ತಲಿ ನೋಯ್ತಿತ್ತು. ಇವತ್ತ ನಿಮ್ಮ ಮನಿಗೆ ಸಾಹೇಬ್ರು ಬರ್ತಾರಂತ. ಸ್ಟೋ ಕೆಟ್ಟೈತಿ ಅಂತ ಬೋಪಣ್ಣಾರು ಹೇಳಿದ್ರು. ತಡೀರಿ, ನಮ್ದು ತರ್ತೀನಿ."

ಅವಳು ಒಂದು ಕೈಯಲ್ಲಿ ಸ್ಟೋವ್, ಇನ್ನೊಂದು ಕೈಯಲ್ಲಿ ಶೇಂಗಾ ಚಟ್ನಿ ಹಿಡಿದು ಹೋಗಿಯೇಬಿಟ್ಟಳು. ಒಳಗಿನಿಂದ "ಅಕ್ಕಾ" "ತಂಗೀ" ಎಂಬ ಮಾತು ಕೇಳಿಬಂತು. ರುದ್ರಪ್ಪ ತಲೆಯ ಮೇಲೆ ಕೈಯಿಟ್ಟುಕೊಂಡ.

ಅವನು ಸೋಲೊಪ್ಪಲಿಲ್ಲ. ಕಲಾವತಿ ಹೊರಬಂದಾಗ ಅವಳ ರೊಟ್ಟಿಯನ್ನು ಅನಸೂಯ ಚಪ್ಪಲಿಗೆ ಹೋಲಿಸಿದಳೆಂದು ಪಿಸುಗುಟ್ಟಿದ. ಅನಸೂಯ ಕಸ ಚೆಲ್ಲಲು ಬಂದಾಗ ಅವಳ ರೊಟ್ಟಿಯನ್ನು ಕಲಾವತಿ ಗೋಣಿಚೀಲ ಎಂದಳೆಂದು ಹೇಳಿದ. ಇಬ್ಬರೂ "ಹೌದಾ?" ಎಂದು ಸುಮ್ಮನೆ ಒಳಗೆ ಹೋದರು. ಕೊನೆಯ ಉಪಾಯವಾಗಿ ಅನಸೂಯಳ ಕೊಡವನ್ನು ಎತ್ತಿ ಸಾಲಿನ ತುದಿಗಿಟ್ಟು, ಅದರ ಜಾಗದಲ್ಲಿ ಕಲಾವತಿಯ ಕೊಡವನ್ನು ಇಡತೊಡಗಿದ.

ಅಷ್ಟರಲ್ಲಿ ನಳ ಬುಸುಗುಟ್ಟಿತು. ಇಬ್ಬರೂ ಹೆಂಗಸರು ಓಡಿಬಂದರು. ಕೊಡ ರುದ್ರಪ್ಪನ ಕೈಯಲ್ಲಿತ್ತು.

"ಅಕ್ಕಾ, ನನ್ನ ರೊಟ್ಟಿ ಚಪ್ಪಲಿ ಇದ್ದಂಗ ಐತಿ ಅಂದೇನು?" ಎಂದಳು ಕಲಾವತಿ.

"ನಾ ಎಲ್ಲಿ ಅಂದೆ? ನನ್ನ ರೊಟ್ಟಿ ಗೋಣಿಚೀಲ ಅಂತ ನೀ ಅಂದಿಯಂತಲ್ಲ?"

"ಯಾರ ಹೇಳಿದ್ರು?"

"ನಿನಗ ಯಾರ ಹೇಳಿದ್ರು?"

ಎರಡು ಮುಖಗಳು ಒಟ್ಟಿಗೆ ರುದ್ರಪ್ಪನ ಕಡೆ ತಿರುಗಿದವು.

ಆಮೇಲೆ ನಡೆದದ್ದನ್ನು ಧಂತೋಲಿಯ ಆ ಅಂಗಳ ಹಿಂದೆಂದೂ ಕಂಡಿರಲಿಲ್ಲ. ಇಷ್ಟು ದಿನ ಒಬ್ಬರ ಮೇಲೊಬ್ಬರು ಖರ್ಚು ಮಾಡುತ್ತಿದ್ದ ಶಕ್ತಿಯನ್ನು ಇಬ್ಬರೂ ಕೂಡಿ ಒಬ್ಬನ ಮೇಲೆ ಸುರಿದರು. ಒಬ್ಬಳು ಉಸಿರು ತೆಗೆದುಕೊಳ್ಳುವಾಗ ಇನ್ನೊಬ್ಬಳು ಮಾತು ಎತ್ತಿಕೊಂಡಳು. "ಗಂಡಸಾಗಿ ಚಾಡಿ ಹೇಳ್ತೀರಿ?" "ಕೊಡಾ ಕದೀತೀರಿ?" "ಇವರಿಗೆ ಹುಬ್ಬಳ್ಳಿ ಬೇಕಂತ!" "ಯರವಡಾ ಜೈಲಿಗೆ ಕಳಸಬೇಕು ಇವರನ್ನ!" ಬೋಪಣ್ಣ ಮಹಡಿಯ ಕಟಕಟೆ ಹಿಡಿದು ನಿಂತರು. ಮರಳಿನ ಬಕೆಟ್ಟುಗಳು ಖಾಲಿಯಾಗಿದ್ದವು.

ಆಗ ಗೇಟಿನಲ್ಲಿ ಸ್ಕೂಟರ್ ನಿಂತಿತು. ವಾನಖೇಡೆ ಸಾಹೇಬರು ಇಳಿದರು. ಗುಮಾಸ್ತನ ಕೈಯಲ್ಲಿ ಕೊಡ, ಎರಡೂ ಕಡೆ ಹೆಂಗಸರು, ಕಿಟಕಿಯಲ್ಲಿ ಹೊಗೆ.

"ಅಯ್ಯೋ, ನನ್ನ ಎಣ್ಣಿಗಾಯಿ!" ಎಂದು ಅನಸೂಯ ಒಳಗೆ ಓಡಿದಳು.

ಎಲ್ಲ ಮುಗಿಯಿತೆಂದು ರುದ್ರಪ್ಪ ಕಣ್ಣು ಮುಚ್ಚಿದ. ಸಾಹೇಬರೂ ಕಣ್ಣು ಮುಚ್ಚಿದ್ದರು. ಮೂಗು ಮಾತ್ರ ಎತ್ತಿದ್ದರು.

"ಅರೇ ವಾ! ಇದೇ ವಾಸನೆ!"

ಮೇಲಿನ ಅರ್ಧ ಪಾತ್ರೆ ಬಚಾವಾಗಿತ್ತು. ಸಾಹೇಬರು ಮಣೆಯ ಮೇಲೆ ಕೂತು ರೊಟ್ಟಿ ಮುರಿದರು. ಅನಸೂಯ ಬಡಿಸುತ್ತಲೇ ಹೋದಳು, ಅವರು ಬೇಡವೆನ್ನಲಿಲ್ಲ. ನಡುವೆ ಒಮ್ಮೆ ಎಡಗೈಯಿಂದ ಕಣ್ಣು ಒರೆಸಿಕೊಂಡರು, ಖಾರಕ್ಕೋ ಇನ್ನೇತಕ್ಕೋ.

"ವರ್ಧಾ ಹತ್ತಿರ ನಮ್ಮ ಹಳ್ಳಿ. ನನ್ನ ತಾಯಿ ಒಲೆ ಮೇಲೆ ಬದನೆಕಾಯಿ ಇಟ್ಟು ಬಾವಿಗೆ ಹೋಗೋಳು. ಅಲ್ಲಿ ಯಾರ ಜೊತೆಗಾದರೂ ಜಗಳ ಆಗದೆ ಬರ್ತಿರಲಿಲ್ಲ. ದಿನಾ ತಳ ಹಿಡೀತಿತ್ತು. ದಿನಾ ನಾವು ತಟ್ಟೆ ನೆಕ್ಕುತ್ತಿದ್ದೆವು. ನನ್ನ ಹೆಂಡತಿ ಬಹಳ ನಿಗಾ ಇಟ್ಟು ಅಡುಗೆ ಮಾಡ್ತಾಳೆ, ಪಾಪ. ಏನೂ ರುಚಿ ಇರಲ್ಲ."

ರುದ್ರಪ್ಪನಿಗೆ ಧೈರ್ಯ ಬಂತು. ಧೈರ್ಯದ ಜೊತೆ ಊರಿನ ಅಭಿಮಾನವೂ ಬಂತು.

"ನಮ್ಮ ಹುಬ್ಬಳ್ಳ್ಯಾಗ ಮನಿಮನಿಗೂ ಇದ ಊಟ ಸಾಹೇಬ್. ಖಾನಾವಳಿಗೆ ಹೋದ್ರೂ ಇದ."

ಸಾಹೇಬರು ಕೈ ನಿಲ್ಲಿಸಿದರು. "ಅಲ್ಲಿ ಬರೀ ಇಡ್ಲಿ, ಅನ್ನ ಅಲ್ಲವಾ?"

"ಇಡ್ಲಿ? ಹುಡುಕಬೇಕ್ರೀ ಅಲ್ಲಿ! ಜೋಳದ ರೊಟ್ಟಿ ಊರದು."

"ನಳದ ನೀರು ಹೇಗಿದೆ?"

ಇಲ್ಲಿ ರುದ್ರಪ್ಪ ಸತ್ಯ ಹೇಳಿದ. "ಭಾಳ ತ್ರಾಸ ಐತ್ರೀ. ದಿನಾ ಬರಂಗಿಲ್ಲ."

"ಅಂದರೆ ಜಗಳ?"

"ಓಣಿಓಣಿಗೂ ಸಾಹೇಬ್! ಇಲ್ಲಿದು ಏನೂ ಅಲ್ಲ."

ಸಾಹೇಬರ ಕಣ್ಣು ಹೊಳೆಯಿತು. ಕೊನೆಯ ರೊಟ್ಟಿಯಲ್ಲಿ ಪಾತ್ರೆಯ ಬದಿಯನ್ನೂ ಒರೆಸಿ ತಿಂದರು. ಕೈ ತೊಳೆದು, ಎಲೆ ಅಡಿಕೆ ಬಾಯಿಗಿಟ್ಟು, ರುದ್ರಪ್ಪನ ಹೆಗಲ ಮೇಲೆ ಕೈ ಹಾಕಿದರು.

"ಹುಬ್ಬಳ್ಳಿ ವಿಷಯ ಇವತ್ತು ಮುಗೀತು ನೋಡು."

ರುದ್ರಪ್ಪ ಕೈ ಜೋಡಿಸಿದ. ಬಾಗಿಲ ಮರೆಯಲ್ಲಿ ಅನಸೂಯ ಕಿವಿಗೊಟ್ಟು ನಿಂತಳು.

"ಬಡ್ತಿ ಮೇಲೆ ಹುಬ್ಬಳ್ಳಿ ಶಾಖೆಗೆ ಹೋಗು ಅಂತ ಮೇಲಿನವರು ನನ್ನನ್ನ ಕೇಳ್ತಾನೇ ಇದ್ದರು. ಅಲ್ಲಿ ಉಪವಾಸ ಬೀಳ್ತೀರಿ ಅಂತ ಹೆಂಡತಿ ಹೆದರಿಸಿದ್ದಳು. ನಾಳೆ ಒಲ್ಲೆ ಅಂತ ಹೇಳೋನಿದ್ದೆ. ನೀನು ಕಣ್ಣು ತೆರೆಸಿದೆ. ನಾನು ಹೋಗ್ತೀನಿ!"

"ಮತ್ತ... ನಂದು, ಸಾಹೇಬ್?"

"ನೀನಾ? ಇಬ್ಬರೂ ಒಟ್ಟಿಗೆ ಬಿಟ್ಟರೆ ಇಲ್ಲಿನ ಕೆಲಸದ ಗತಿ? ನನ್ನ ಜಾಗಕ್ಕೆ ಹೊಸಬ ಬರ್ತಾನೆ. ಅವನಿಗೆ ಎಲ್ಲ ಹೇಳಿಕೊಡೋಕೆ ನೀನು ಬೇಕೇ ಬೇಕು. ಆಮೇಲೆ ಬಘೂಯಾ." ಗೇಟಿನವರೆಗೆ ಹೋದವರು ತಿರುಗಿ ಕೇಳಿದರು. "ನಿನ್ನ ಮಾವನ ಮನೆ ಹುಬ್ಬಳ್ಳಿಯಲ್ಲಿ ಎಲ್ಲಿ? ಭಾನುವಾರ ಅಲ್ಲಿಗೇ ಊಟಕ್ಕೆ ಹೋಗಬಹುದಲ್ಲ?"

ಸ್ಕೂಟರಿನ ಸದ್ದು ಅಡಗಿದ ಮೇಲೆ ಅನಸೂಯ ಹೊರಬಂದಳು. "ಹುಬ್ಬಳ್ಳಿಗೆ ಹೊಂಟವರು ಯಾರು?"

"ಸಾಹೇಬ್ರು."

"ಎದಕ್ಕ?"

"ನಿಮ್ಮವ್ವನ ಕೈಯಾಗಿನ ಎಣ್ಣಿಗಾಯಿ ತಿನ್ನಾಕ."

ಅನಸೂಯ ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಒಳಗೆ ಹೋಗಿ ಕರಿಕಟ್ಟಿದ ಪಾತ್ರೆ ತಂದು ಗಂಡನ ಮುಂದೆ ಕುಕ್ಕಿದಳು. ರುದ್ರಪ್ಪ ಬೆಳಗಿನಿಂದ ಉಂಡಿರಲಿಲ್ಲ. ತಳವನ್ನು ಉಗುರಿನಿಂದ ಕೆರೆದು ಒಂದು ಚೂರು ಬಾಯಿಗೆ ಹಾಕಿಕೊಂಡ. ಬರೀ ಇದ್ದಿಲು. ಬೂದಿ ತೆಗೆದುಕೊಂಡು ಪಾತ್ರೆ ಹೊತ್ತು ನಳದ ಕಡೆ ನಡೆದ.

ನಳ ಇನ್ನೂ ತೆಳ್ಳಗೆ ಬರುತ್ತಿತ್ತು. ಪಕ್ಕದಲ್ಲಿ ಕಲಾವತಿ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದಳು.

"ಪಾಳಿ ಹಚ್ರಿ ಅಣ್ಣಾ. ಮೊದಲ ಅಕ್ಕಂದು, ಆಮ್ಯಾಲೆ ನಂದು. ನಿಮ್ದು ಕಡೀಗೆ."

"ಬರೋಬರ್ ಹೇಳಿದಿ ಕಲಾ," ಎಂಬ ಮಾತು ಅಡುಗೆಮನೆಯ ಕಿಟಕಿಯಿಂದ ಬಂತು.