ಮಾವನವರನ್ನು ನುಂಗಿದ ಕಂಪ್ಯೂಟರ್

ಯಂತ್ರಗಳ ವಿಷಯದಲ್ಲಿ ನನ್ನ ಕೈಗುಣ ಅಪೂರ್ವವಾದದ್ದು ಎಂಬುದು ಇಡೀ ತಿಕೋಟಾದಲ್ಲಿ ಒಬ್ಬರಿಗೆ ಮಾತ್ರ ಗೊತ್ತು. ಆ ಒಬ್ಬರು ನಾನೇ!

ಭಾನುವಾರ ಸಂಜೆ ಅತ್ತೆಯವರು ಕನಮಡಿಯಿಂದ ಬರುವವರಿದ್ದರು. ನಮ್ಮ ಮದುವೆಯ ವಿಡಿಯೋ ಡಿಸ್ಕ್ ನೋಡಬೇಕೆಂಬುದು ಅವರ ಆಸೆ. ತೀರಿಹೋದ ಮಾವನವರ ದನಿ ಉಳಿದಿರುವುದು ಅದೊಂದರಲ್ಲೇ. ಇನ್ನೊಂದು ಪ್ರತಿ ಇಲ್ಲ, ತೆಗೆದ ಸ್ಟುಡಿಯೋ ಎಂದೋ ಮುಚ್ಚಿದೆ.

"ಹೊಸಾ ಲ್ಯಾಪ್‌ಟಾಪ್‌ನ್ಯಾಗ ಹಚ್ರಿ," ಎಂದಳು ಹೆಂಡತಿ ಸುನಂದಾ, ಬೆಳಿಗ್ಗೆಯೇ.

ಲ್ಯಾಪ್‌ಟಾಪನ್ನು ಸುತ್ತಲೂ ತಿರುಗಿಸಿ ನೋಡಿದೆ. ಡಿಸ್ಕ್ ಹಾಕಲು ಬಾಯಿಯೇ ಇಲ್ಲ! ಚಿಂತೆಯೇಕೆ? ಮೂಲೆಯಲ್ಲಿ ಕೌದಿ ಹೊದ್ದು ಕೂತ ಹಳೆಯ ಕಂಪ್ಯೂಟರ್ ಇತ್ತಲ್ಲ. ಬಳಸದಿದ್ದರೂ ಪ್ರತಿ ಮಹಾನವಮಿಯ ಆಯುಧಗಳ ಖಂಡೆ ಪೂಜೆಯಲ್ಲಿ ಅದಕ್ಕೆ ಶ್ರದ್ಧೆಯಿಂದ ಪೂಜೆ ಸಲ್ಲಿಸುತ್ತ ಬಂದವನು ನಾನು. ಗುಂಡಿ ಒತ್ತಿದೆ, ತಟ್ಟೆ ಹೊರಬಂತು, ಡಿಸ್ಕ್ ಇಟ್ಟೆ. ಒಳಗೆಳೆದುಕೊಂಡು ಕರ್ ಕರ್ ಎಂದು ಎರಡು ಸಲ ಅಗಿಯಿತು. ಆಮೇಲೆ ಬಾಯಿಯೇ ಬಿಡಲಿಲ್ಲ.

"ಅಯ್ಯ, ನಮ್ಮಪ್ಪ ಒಳಗ ಸಿಕ್ಕೊಂಡಂಗ ಆತಲ್ರೀ!" ಸುನಂದಾ ಕೂಗಿಕೊಂಡಳು.

"ಗಾಬರಿ ಆಗಬ್ಯಾಡ. ಲ್ಯಾಪ್‌ಟಾಪ್ ಅಪ್‌ಗ್ರೇಡ್ ಮಾಡ್ತೇನಿ."

ಯೋಜನೆ ಸರಳವಾಗಿತ್ತು: ಹಳೆಯದರಿಂದ ಡಿಸ್ಕ್ ಡ್ರೈವನ್ನು ಕಿತ್ತು ಹೊಸದರೊಳಗೆ ಕೂಡಿಸುವುದು. ಕೀಳುವುದು ಸಲೀಸಾಗಿ ಆಯಿತು. ಲ್ಯಾಪ್‌ಟಾಪಿನ ಹನ್ನೊಂದು ಸ್ಕ್ರೂ ಬಿಚ್ಚಿ ಹೊಟ್ಟೆ ತೆರೆದೆ. ಎಲ್ಲವೂ ಬೆಸುಗೆ ಹಾಕಿ ಕೂರಿಸಿದ್ದೇ, ಒಂದು ಜೋಳದ ಕಾಳಿಗೂ ಜಾಗವಿಲ್ಲ! ಆಗ ಗಮನಿಸಿದೆ: ಡ್ರೈವು ಇಡೀ ಲ್ಯಾಪ್‌ಟಾಪಿಗಿಂತ ದಪ್ಪ! ಮೊದಲೇ ಪಕ್ಕದಲ್ಲಿಟ್ಟು ನೋಡಬಹುದಿತ್ತು. ಮಹಾನ್ ಸಂಶೋಧಕರಿಗೆ ಇಂಥ ಸಣ್ಣ ವಿಷಯ ಹೊಳೆಯುವುದಿಲ್ಲ.

ಮತ್ತೆ ಮುಚ್ಚಿದಾಗ ಮೂರು ಸ್ಕ್ರೂ ಉಳಿದವು. ಮೆಲ್ಲಗೆ ಜೇಬಿಗೆ ಹಾಕಿಕೊಂಡೆ. ಲ್ಯಾಪ್‌ಟಾಪ್ ಆನ್ ಆಗಲಿಲ್ಲ.

"ಈಗ ಎರಡೂ ಕೆಡಿಸಿದ್ರಿ?"

ಎಲ್ಲವನ್ನೂ ಚೀಲಕ್ಕೆ ತುಂಬಿದೆ. ಬಸ್ಸಿನಲ್ಲಿ ಮಾವನವರನ್ನು ತೊಡೆಯ ಮೇಲಿಟ್ಟುಕೊಂಡು ವಿಜಯಪುರಕ್ಕೆ ಹೋಗಿ, ಕಂಪ್ಯೂಟರ್ ರಿಪೇರಿಯ ದಸ್ತಗೀರ್ ಚಾಚಾರ ಅಂಗಡಿ ಸೇರಿದೆ.

ಚಾಚಾ ಡ್ರೈವಿನ ಮುಂದಿನ ಸಣ್ಣ ತೂತಿಗೆ ತಂತಿ ಚುಚ್ಚಿದರು. ಅಷ್ಟೇ, ತಟ್ಟೆ ಹೊರಬಂತು! ಡಿಸ್ಕಿನ ಜೊತೆಗೆ ಒಣಗಿದ ಬನ್ನಿ ಎಲೆ, ಕುಂಕುಮ ಮೆತ್ತಿದ ಅಕ್ಷತೆ ಕಾಳು.

"ಸರ್, ಇದಕ್ಕ ವರ್ಸಾ ವರ್ಸಾ ಅಕ್ಕಿ ತಿನಸ್ತಿದ್ರೇನ್ರಿ?"

ತಾನಾಗಿ ತಟ್ಟೆ ಚಾಚುವ ಯಂತ್ರಕ್ಕೆ ಅಕ್ಷತೆಯನ್ನು ಮತ್ತೆಲ್ಲಿ ಹಾಕಬೇಕಿತ್ತು? ಪ್ರತಿ ಪೂಜೆಗೂ ತಟ್ಟೆಯಲ್ಲೇ ಹಾಕಿ ಒಳಗೆ ಕಳಿಸಿದ್ದೆ!

ಪುಣ್ಯಕ್ಕೆ ಡಿಸ್ಕಿಗೆ ಏನೂ ಆಗಿರಲಿಲ್ಲ. ಚಾಚಾ ಅದನ್ನು ಒರೆಸಿ, ಲ್ಯಾಪ್‌ಟಾಪಿನಲ್ಲಿ ಕಳಚಿದ್ದ ಬ್ಯಾಟರಿ ವೈರ್ ಸಿಕ್ಕಿಸಿ, ತೆಳ್ಳನೆಯ ಡಬ್ಬಿಯೊಂದನ್ನು ಕೈಗಿಟ್ಟರು.

"ಈ ಡ್ರೈವ್ ಹೊರಗಿಂದನ ಲ್ಯಾಪ್‌ಟಾಪಿಗೆ ಚುಚ್ಚಿದ್ರ ಮುಗೀತ್ರಿ. ನೀವು ಒಳಗ ಕೈ ಹಾಕೂದ ಬ್ಯಾಡಾಗಿತ್ತು."

ಸಂಜೆ ಪರದೆಯ ಮೇಲೆ ಮಾವನವರು ತಲೆಗೆ ಪಟಕಾ ಸುತ್ತಿಕೊಂಡು ನಗುತ್ತಿದ್ದರು. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಮಾವನವರು ಮದುಮಗನಾದ ನನ್ನ ಹೆಗಲ ಮೇಲೆ ಕೈಯಿಟ್ಟು ಕ್ಯಾಮೆರಾದ ಕಡೆ ತಿರುಗಿದರು.

"ನಮ್ಮ ಅಳಿಯಾ ಭಾಳ ಶಾಣ್ಯಾ ಅದಾನ. ಎಂಥಾ ಮಶೀನ್ ಕೆಟ್ಟಿರಲಿ, ಇಂವಾ ಕೈ ಹಚ್ಚಿದ್ರ ಸಾಕು!"

ನಾನು ಎದೆಯುಬ್ಬಿಸಿ ಕೂತೆ. ಸುನಂದಾ ತಾಯಿಯ ಕಡೆ ನೋಡಿದಳು.

"ಯವ್ವಾ, ಅಪ್ಪಾ ಜನ್ಮದಾಗ ಒಂದೂ ಸುಳ್ಳು ಹೇಳಿಲ್ಲ ಅಂತಿದ್ದೆಲ್ಲ ಬೇ?"

ಅತ್ತೆಯವರು ಅಳುತ್ತಲೇ ನಕ್ಕುಬಿಟ್ಟರು. ಚಹಾ ಮಾಡುತ್ತೇನೆಂದು ನಾನು ಮೇಲೆದ್ದೆ. ಜೇಬಿನಿಂದ ಮೂರು ಸ್ಕ್ರೂ ಟಣ್ ಟಣ್ ಎಂದು ನೆಲಕ್ಕೆ ಬಿದ್ದವು!