ಅಜ್ಜಿಯ ಕೈ ನಿಲ್ಲಿಸಿದ ಪುಸ್ತಕಗಳು

ಇವತ್ತು ಬೆಳಿಗ್ಗೆ ನನ್ನ ಹೆಸರಿಗೊಂದು ಖಾನೆ ಸಿಕ್ಕಿತು! ಬ್ಯಾಂಕಿನ ಖಾತೆಯಲ್ಲ, ಪುಸ್ತಕದ ಖಾನೆ. ನನ್ನ ಮೊಮ್ಮಗಳು ಪ್ರಣಾಲಿ ಇರುವ ಫೋನಿನ ಓದುಗರ ಬಳಗದಲ್ಲಿ ಕಾದಂಬರಿ, ಆತ್ಮಕಥೆ, ಪ್ರವಾಸಕಥನ ಎಂದು ಸಾಲಾಗಿ ಕೂತಿರುವ ವಿಭಾಗಗಳ ಕೊನೆಗೆ ಹೊಸದೊಂದು ಬಂದು ಕೂತಿದೆ: ‘ಅಜ್ಜಿಯ ಕೈ ನಿಲ್ಲಿಸಿದ ಪುಸ್ತಕಗಳು’. ಆ ಅಜ್ಜಿ ನಾನೇ! ಹಾಲಿನವನಿಗೆ ಹೇಳಿದೆ, ಗ್ಯಾಸ್ ತಂದವನಿಗೆ ಹೇಳಿದೆ, ಶಿರವಾಡದ ನಾದಿನಿಗೆ ಫೋನ್ ಮಾಡಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು, “ಅದೆಲ್ಲ ಸರಿ ವೈನಿ, ಕೈಗೆ ಎಂತ ಆಗಿತ್ತು? ಡಾಕ್ಟರಿಗೆ ತೋರಿಸಿದ್ಯಾ?” ಎಂದಳು. ಫೋನ್ ಇಟ್ಟುಬಿಟ್ಟೆ. ಈಗ ನಿಮಗೆ ಹೇಳುತ್ತೇನೆ, ನೀವಾದರೂ ಪೂರ್ತಿ ಕೇಳಿ.

ನಾನು ಕಲಿತದ್ದು ಅಂಕೋಲೆ ಕಡೆಯ ನಮ್ಮ ಹಳ್ಳಿಯಲ್ಲಿ ಮೂರನೇ ಇಯತ್ತೆಯವರೆಗೆ. ಓದಲು ಬರುತ್ತದೆ, ಆದರೆ ಅಕ್ಷರಗಳು ನನ್ನನ್ನು ಕಾಯುವುದಿಲ್ಲ. ಕಾರವಾರದ ಬಸ್‌ ನಿಲ್ದಾಣದಲ್ಲಿ ಬೋರ್ಡಿನ ಮೇಲಿನ ‘ಅಂಕೋಲಾ’ವನ್ನು ನಾನು ಓದಿ ಮುಗಿಸುವಷ್ಟರಲ್ಲಿ ಆ ಬಸ್ಸು ಬಿಣಗಾ ದಾಟಿರುತ್ತದೆ. ಹಾಗಾಗಿ ನಾನು ಪುಸ್ತಕ ಓದುವುದು ಕಿವಿಯಿಂದ. ಮದುವೆಯಾಗಿ ಕೋಡಿಬಾಗಕ್ಕೆ ಬಂದ ಮೇಲೆ ಕಾಳಿ ನದಿಯ ಬಳಚು, ಅಂದರೆ ಚಿಪ್ಪುಮೀನು, ಬಿಡಿಸುವುದು ನನ್ನ ಪಾಲಿನ ಕೆಲಸವಾಯಿತು. ಹಿತ್ತಲ ಬಾಗಿಲಲ್ಲಿ ಮೆಟ್ಟುಗತ್ತಿಯ ಮಣೆ ಮೆಟ್ಟಿ ಕೂತು, ಚಿಪ್ಪನ್ನು ಅಲಗಿಗೆ ಒತ್ತಿದರೆ ಟಕ್ ಎಂದು ಬಾಯಿ ಬಿಡುತ್ತದೆ. ನಾನು ಟಕ್ ಟಕ್ ಎನ್ನಿಸುತ್ತಿರುವಾಗ ಪ್ರಣಾಲಿ ಪಕ್ಕದಲ್ಲಿ ಕೂತು, ಬಳಗಕ್ಕಾಗಿ ಓದಬೇಕಾದ ಪುಸ್ತಕವನ್ನು ಗಟ್ಟಿಯಾಗಿ ಓದುತ್ತಾಳೆ. ಒಂದೇ ಓದಿನಲ್ಲಿ ಬಳಗಕ್ಕೂ ಆಯಿತು, ಅಜ್ಜಿಗೂ ಆಯಿತು.

ಇದರಲ್ಲಿ ತೊಂದರೆ ಒಂದೇ. ಪುಸ್ತಕ ಸಪ್ಪೆಯಾಗಿದ್ದರೆ ಬುಟ್ಟಿ ಬೇಗ ಖಾಲಿ, ಹೊತ್ತಿಗೆ ಸರಿಯಾಗಿ ಊಟ. ಪುಸ್ತಕ ಚೆನ್ನಾಗಿದ್ದರೆ ನನಗೇ ತಿಳಿಯದಂತೆ ಕೈ ನಿಂತುಬಿಡುತ್ತದೆ. ಕೈಯಲ್ಲೊಂದು ಬಳಚು, ಬಾಯಿ ತೆರೆದ ನಾನು. ನಮ್ಮಿಬ್ಬರಲ್ಲಿ ಬಾಯಿ ಮುಚ್ಚಿಕೊಂಡಿರುವುದು ಬಳಚು ಮಾತ್ರ. ಅಡುಗೆ ಮಾಡಬೇಕಾದ ಸೊಸೆ ಸುಮನಳಿಗೆ ಇದರಿಂದ ಪುಸ್ತಕವೆಂದರೇ ಸಿಟ್ಟು. ಹೊಸ ಪುಸ್ತಕ ಕಂಡರೆ ಮಗಳನ್ನು ಮೊದಲು ಕೇಳುವುದು, “ಇದು ಚಂದ ಅದ್ಯಾ? ಹಾಂಗಾದ್ರೆ ನಾ ಈಗ್ಲೇ ಅವಲಕ್ಕಿ ಕಲಸಿಡ್ತೆ.”

ಇನ್ನು ಬಳಗದ ವಿಷಯ. ಅದನ್ನು ಕಟ್ಟಿದವರು ಅಂಕೋಲೆಯ ಒಬ್ಬರು ನಿವೃತ್ತ ಮೇಷ್ಟ್ರು. ಕಾರವಾರ, ಅಂಕೋಲೆಯ ಓದುವವರೆಲ್ಲ ಸೇರಿ, ಓದಿದ ಪುಸ್ತಕಗಳ ಬಗ್ಗೆ ಬರೆದು ಬರೆದು, ಕೊನೆಗೆ ಯಾರಿಗೆ ಯಾವುದು ಬೇಕೋ ಅದು ಸಿಗದಷ್ಟು ರಾಶಿ ಬಿತ್ತು. ಅದನ್ನು ವಿಭಾಗ ವಿಭಾಗವಾಗಿ ವಿಂಗಡಿಸುವ ಕೆಲಸ ಪ್ರಣಾಲಿಗೆ ಬಂತು. ಹುಡುಗಿ ಹಿಗ್ಗಿ ಹೀರೇಕಾಯಿಯಾದಳು. ಎಲ್ಲ ಸುಸೂತ್ರವಾಗಿಯೇ ನಡೆದಿತ್ತು, ಆ ಅಂಬಿಗನ ಪುಸ್ತಕ ಬರುವ ತನಕ.

ಅದರಲ್ಲಿ ಒಬ್ಬ ಅಂಬಿಗ ತನ್ನ ಕಥೆಯನ್ನು ತಾನೇ ಹೇಳುತ್ತಾನೆ. ದಿನವೂ ಜನರನ್ನು ಹೊಳೆ ದಾಟಿಸುತ್ತಾನೆ, ಸಂಜೆ ಮನೆಗೆ ಬಂದು ಹೆಂಡತಿಯ ಹತ್ತಿರ ಇವತ್ತಿನ ಸಾರು ಯಾವುದೆಂದು ಕೇಳುತ್ತಾನೆ. ಅರ್ಧ ಪುಸ್ತಕವಾದ ಮೇಲೆ ಗೊತ್ತಾಗುತ್ತದೆ, ಅವನು ಎಂದೋ ಮುಳುಗಿ ಸತ್ತಿದ್ದಾನೆ! ಇದನ್ನು ಎಲ್ಲಿಡುವುದು? ಕಾದಂಬರಿ ಎಂದರು ಕೆಲವರು. ದೆವ್ವದ ಕಥೆ ಎಂದರು ಕೆಲವರು. ತನ್ನ ಕಥೆ ತಾನೇ ಹೇಳುತ್ತಾನಾದ್ದರಿಂದ ಆತ್ಮಕಥೆ ಎಂದು ಒಬ್ಬರು ಹಟ ಹಿಡಿದರು. ಸತ್ತವನದು ಆತ್ಮಕಥೆ ಹೇಗಾದೀತು ಎಂದು ಕೇಳಿದ್ದಕ್ಕೆ, ಹೇಳುತ್ತಿರುವುದು ಆತ್ಮವೇ ಅಲ್ಲವೇ ಎಂದರು. ಅಲ್ಲಿಂದ ಜಗಳ ಎಲ್ಲೆಲ್ಲಿಗೋ ಹೋಯಿತು. ಇಬ್ಬರು ಬಳಗ ಬಿಟ್ಟರು. ಬೇಸತ್ತ ಮೇಷ್ಟ್ರು, ಭಾನುವಾರದೊಳಗೆ ಇದು ತೀರ್ಮಾನವಾಗದಿದ್ದರೆ ಬಳಗವನ್ನೇ ಮುಚ್ಚುತ್ತೇನೆ ಎಂದುಬಿಟ್ಟರು.

ಪ್ರಣಾಲಿ ಅತ್ತಳು. ನನಗೂ ಚಿಂತೆ ಹತ್ತಿತು. ಬಳಗವಿಲ್ಲದಿದ್ದರೆ ಅವಳೇಕೆ ಹಿತ್ತಲಲ್ಲಿ ಕೂತು ಗಟ್ಟಿಯಾಗಿ ಓದುತ್ತಾಳೆ? ಆಮೇಲೆ ನನಗೆ ಉಳಿಯುವುದು ಬಳಚು ಒಂದೇ.

ಹಾಗಾಗಿ ನಾನೂ ತಲೆ ಓಡಿಸಿದೆ. “ತಂಗೀ, ದಪ್ಪಂದು ಒಂದು ಕಡೆ, ತೆಳ್ಳಗಿಂದು ಒಂದು ಕಡೆ ಇಡು, ಮುಗೀತಲ್ಲ.”

“ಅಜ್ಜೀ, ಫೋನಿನೊಳಗೆ ಎಲ್ಲಾ ಪುಸ್ತಕವೂ ಒಂದೇ ದಪ್ಪ.”

“ಹಾಂಗಾದ್ರೆ ಉಣ್ಣೂದು ತಿನ್ನೂದು ಬರೂದು ಒಂದು ಕಡೆ, ಬರದೇ ಇರೂದು ಒಂದು ಕಡೆ.”

“ಉಣ್ಣದೇ ಇರೋರು ಯಾವ ಕಥೆಯಲ್ಲಿ ಇರ್ತಾರೆ?”

“ಇದ್ರೆ ಅಂಥಾದ್ದು ಓದೂದು ಬೇಡ ಬಿಡು,” ಎಂದೆ. ಅಳುತ್ತಿದ್ದವಳು ನಕ್ಕಳು. ಅಷ್ಟೇ ಲಾಭ.

ನಿನ್ನೆ ಶನಿವಾರ. ಪುಸ್ತಕದ ತುಣುಕೊಂದನ್ನು ತನ್ನ ದನಿಯಲ್ಲೇ ಕೇಳಿಸಿದರೆ ಜನ ಜಗಳ ಬಿಟ್ಟು ಒಂದು ಮಾತಿಗೆ ಬಂದಾರು ಎಂದುಕೊಂಡು ಪ್ರಣಾಲಿ ಹಿತ್ತಲಲ್ಲೇ ಫೋನಿಗೆ ಓದಿ, ಮತ್ತೆ ಕೇಳಿ ನೋಡದೆ ಬಳಗಕ್ಕೆ ಕಳಿಸಿಬಿಟ್ಟಳು. ಕಳಿಸಿದ ಮೇಲೆ ಕೇಳಿದೆವು. ಮೊದಲು ಅವಳ ಓದು, ಹಿಂದಿನಿಂದ ನನ್ನ ಟಕ್ ಟಕ್. ಅಂಬಿಗ ಮನೆಯ ಮೆಟ್ಟಿಲು ಹತ್ತುತ್ತಾನೆ, ಹೆಂಡತಿ ತಲೆ ಎತ್ತುತ್ತಾಳೆ. ಟಕ್ ಟಕ್ ನಿಂತಿದೆ. ಆಮೇಲೆ ಸುಮನಳ ದನಿ, ಮೀನುಪೇಟೆಯವರೆಗೂ ಕೇಳುವಂಥದ್ದು:

“ಅತ್ಯೇ! ಕೈ ಮತ್ತೆ ನಿಂತ್ತು! ಬಳಚು ಹಾಂಗೇ ಬಿದ್ಕಂಡದೆ!”

“ಸುಮ್ಮನಿರೇ ಮಾರಾಯ್ತಿ! ಅಂವ ತಾನು ಸತ್ತದ್ದು ಹೆಂಡ್ತಿಗೆ ಹೇಳ್ತಾನೋ ಇಲ್ವೋ ನೋಡ್ವಾ. ಬಳಚು ಎಲ್ಲಿಗೂ ಓಡಿ ಹೋಗೂದಿಲ್ಲ.”

“ಬಳಚು ಓಡೂದಿಲ್ಲ, ನಿಮ್ಮ ಮಗ ಹಸಿವಿಗೆ ಹೋಟ್ಲಿಗೆ ಓಡ್ತಾರೆ!”

ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಕಾರವಾರ, ಅಂಕೋಲೆಯ ಕಲಿತವರೆಲ್ಲ ನನ್ನ ಸೊಸೆ ನನ್ನನ್ನು ಗದರಿಸುವುದನ್ನು ಕೇಳಿದರಲ್ಲ! ಮರಳಿ ತೆಗೆಯೋಣವೆಂದರೆ ಆಗಲೇ ಉತ್ತರಗಳು ಬರತೊಡಗಿದ್ದವು. ಅದೇ ಪುಸ್ತಕ ಹಿಡಿದು ಕೂತು ಅಂಕೋಲೆಯಲ್ಲಿ ಇಳಿಯುವುದನ್ನು ಮರೆತು ಕುಮಟೆಗೆ ಹೋದವರೊಬ್ಬರು. ಹಣಕೋಣದ ಒಬ್ಬಾಕೆಯ ಮನೆಯಲ್ಲಿ ಹಾಲು ಉಕ್ಕಿ ಒಲೆ ಆರಿತ್ತಂತೆ. ಆತ್ಮಕಥೆಯ ಹಟದವರು ತಮ್ಮ ಇಸ್ತ್ರಿ ಸುಟ್ಟ ಅಂಗಿಯ ಫೋಟೋವನ್ನೇ ಹಾಕಿದರು. ಬಿಟ್ಟುಹೋದ ಇಬ್ಬರೂ ತಮ್ಮದನ್ನು ಹೇಳಲಿಕ್ಕೆಂದೇ ತಿರುಗಿ ಬಂದರು. ಇವತ್ತು ಬೆಳಿಗ್ಗೆ ಮೇಷ್ಟ್ರು ಹೊಸ ವಿಭಾಗ ತೆರೆದು, ಅಂಬಿಗನನ್ನು ಮೊದಲಿಗನಾಗಿ ಕೂರಿಸಿದರು. ಬಳಗ ಉಳಿಯಿತು! ಜೊತೆಗೆ ಬರೆದಿದ್ದರು, ಇನ್ನು ಮುಂದೆ ಈ ಖಾನೆಗೆ ಯಾವ ಪುಸ್ತಕ ಸೇರಬೇಕು ಎನ್ನುವುದನ್ನು ಅಜ್ಜಿಯ ಕೈಯೇ ಹೇಳಲಿ ಎಂದು. ಮೂರನೇ ಇಯತ್ತೆಯ ನಾನು ಪರೀಕ್ಷೆ ಮಾಡುವವಳಾದೆ!

ಸಂಭ್ರಮಕ್ಕೆ ಇವತ್ತು ರಾತ್ರಿ ಕಾಯಿತುರಿ ಹಾಕಿ ಚಿಪ್ಪಿನ ಸಮೇತ ಮಾಡಿದ ಬಳಚಿನ ಸುಕ್ಕೆ. ಮಗ, ಸೊಸೆ, ಮೊಮ್ಮಗಳು, ನಾನು ಒಟ್ಟಿಗೇ ಉಣ್ಣಲು ಕೂತೆವು. ಪ್ರಣಾಲಿ ಎಡಗೈಯಲ್ಲಿ ಫೋನ್ ಹಿಡಿದು, ಉಳಿದಿದ್ದ ಕೊನೆಯ ಅಧ್ಯಾಯ ಓದಿದಳು. ಅಂಬಿಗ ಬಾಯಿಬಿಟ್ಟು ಹೇಳುವ ಮೊದಲೇ ಹೆಂಡತಿ ಅವನ ತಟ್ಟೆ ಇಟ್ಟು, “ನನಗೆ ಮೊದಲ ದಿನವೇ ಗೊತ್ತಿತ್ತು, ಉಣ್ಣು” ಎನ್ನುತ್ತಾಳೆ.

ಮಗನ ತುತ್ತು ತಟ್ಟೆಗೂ ಬಾಯಿಗೂ ನಡುವೆ ನಿಂತಿತ್ತು. ಓದಿದವಳ ಕೈಯೂ ನಿಂತಿತ್ತು. ಪುಸ್ತಕವೆಂದರೆ ಸಿಡಿಯುವ ಸುಮನ ಸಾರಿನ ಸೌಟು ಎತ್ತಿದವಳು ಎತ್ತಿದಂತೆಯೇ ಇದ್ದಳು, ಕಣ್ಣಲ್ಲಿ ನೀರು. ಅಷ್ಟರಲ್ಲಿ ಮೂವರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

ನಾನು ಸುಕ್ಕೆಯ ಚಿಪ್ಪು ಚೀಪುತ್ತಿದ್ದೆ.

“ಅತ್ಯೇ, ನಿಮ್ಮ ಕೈ ನಿಲ್ಲಲೇ ಇಲ್ಲ!” ಎಂದಳು ಸುಮನ, ಕಣ್ಣು ಒರೆಸಿಕೊಳ್ಳುತ್ತ.

“ನೀ ಯಾಕೆ ಇಷ್ಟು ಚಂದ ಸುಕ್ಕೆ ಮಾಡಿದ್ದು?” ಎಂದು ನಾನು ಮತ್ತೆರಡು ಬಳಚು ಬಡಿಸಿಕೊಂಡೆ.