ತೂಕವು ಜಾಲಕ್ಕೆ ಸೇರಿದ ವೃತ್ತಾಂತ

೨೦೦೬ನೇ ಇಸವಿ ಜುಲೈ ಮೂರನೇ ತಾರೀಖು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ, ಸರಕು ದಾಸ್ತಾನು ನಿಗಮದ ಕೆಂಗೇರಿ ಉಪನಗರ ಶಾಖೆಯಲ್ಲಿ ತೂಕವನ್ನು ಕೂಗುವ ಪದ್ಧತಿ ಅಧಿಕೃತವಾಗಿ ಕೊನೆಗೊಂಡಿತು. ಈ ವರದಿ ಬರೆಯುವ ಹೊತ್ತಿಗೂ ಅದು ಅಧಿಕೃತವಾಗಿ ಕೊನೆಗೊಂಡೇ ಇದೆ. ನಾನು ಆ ಶಾಖೆಯ ಟಪಾಲು ಗುಮಾಸ್ತ. ಎಲ್ಲ ಕಾಗದಗಳೂ ನನ್ನ ಕೈ ದಾಟಿಯೇ ಹೋಗಿರುವುದರಿಂದ ಇದರಲ್ಲಿ ಸುಳ್ಳಿಗೆ ಜಾಗವಿಲ್ಲ.

ನಮ್ಮ ಗೇಟಿನ ಪಕ್ಕದಲ್ಲಿ ಒಂದು ವೇ ಬ್ರಿಡ್ಜ್ ಇದೆ. ಲಾರಿ ಅದರ ಮೇಲೆ ನಿಂತರೆ, ಕೋಣೆಯೊಳಗಿನ ೧೯೮೮ರ ಮಿಷನ್ನಿನಲ್ಲಿ ಕೆಂಪು ಅಂಕಿಗಳು ಮೂಡುತ್ತವೆ. ಏಕಾಂತಯ್ಯನವರು ಆ ಅಂಕಿಗಳನ್ನು ಓದಿ, ಕಿಟಕಿಯಿಂದ ತಲೆ ಹೊರಗೆ ಹಾಕಿ ಕೂಗುವರು. ಎದುರಿನ ಕಟ್ಟಡದಲ್ಲಿ ದಾಸ್ತಾನು ವಿಭಾಗವೂ ಗೇಟ್ ಪಾಸ್ ವಿಭಾಗವೂ ಕೇಳಿ ಬರೆದುಕೊಳ್ಳುವವು. ಹದಿನೆಂಟು ವರ್ಷಗಳಲ್ಲಿ ಒಂದು ಕಿಲೋ ಹೆಚ್ಚುಕಡಿಮೆಯಾಗಿಲ್ಲ. ಇಷ್ಟು ಸುಸೂತ್ರವಾಗಿ ನಡೆಯುವುದನ್ನು ಯಾವ ಕೇಂದ್ರ ಕಛೇರಿ ತಾನೇ ಸಹಿಸೀತು?

ಆದೇಶ ಬಂತು. ಮಿಷನ್ನನ್ನು ಕಂಪ್ಯೂಟರ್ ಜಾಲಕ್ಕೆ ಸೇರಿಸತಕ್ಕದ್ದು. ತೂಕವು ತಂತಿಯಲ್ಲಿ ಬರಲಾರಂಭಿಸಿದ ಮೂವತ್ತನೇ ದಿನ, ತೂಕ ಕೂಗುವವರನ್ನು ಹೆಚ್ಚುವರಿ ಸಿಬ್ಬಂದಿಯೆಂದು ಪರಿಗಣಿಸಿ ರಾಯಚೂರು ಗೋದಾಮಿಗೆ ಕಳುಹಿಸತಕ್ಕದ್ದು.

"ಮಗಳು ಬಿಂದುಶ್ರೀ ಈ ವರ್ಷ ಎಸ್ಸೆಸ್ಸೆಲ್ಸಿ ಸ್ವಾಮಿ," ಎಂದರು ಏಕಾಂತಯ್ಯ. "ಕುರುಬರಹಳ್ಳಿ ಬಿಟ್ಟು ನಾನೆಲ್ಲಿಗ್ ಹೋಗ್ಲಿ? ಅಮ್ಮ ಹಾಸಿಗೆ ಹಿಡಿದವ್ರೆ."

ನನಗೆ ಸಂಕಟವಾಯಿತು. ಆದರೂ ಆದೇಶಕ್ಕೆ ಸ್ವೀಕೃತಿ ಸಂಖ್ಯೆ ಹಾಕಿದೆ. ಸಂಕಟಕ್ಕೆ ನಮ್ಮಲ್ಲಿ ಕಾಲಂ ಇಲ್ಲ.

ಕೆಲಸಕ್ಕೆ ಬಂದವನು ವೀರೇಶ. ಕೊಪ್ಪಳದ ಕಡೆಯ ಹುಡುಗ, ಆರ್‌ಪಿಸಿ ಲೇಔಟ್‌ನಲ್ಲಿ ರೂಮು. ಅವನು ತಂದ ಡಬ್ಬಿ ಎರಡು ಬೆಂಕಿಪೊಟ್ಟಣ ಜೋಡಿಸಿದಷ್ಟಿತ್ತು. ಹಳೆಯ ಮಿಷನ್ನಿಗೆ ಹೊಸ ಜಾಲದ ಭಾಷೆ ಬಾರದು, ಜಾಲಕ್ಕೆ ಮಿಷನ್ನಿನ ಭಾಷೆ ತಿಳಿಯದು. ನಡುವೆ ಕೂತು ಒಬ್ಬರ ಮಾತನ್ನು ಇನ್ನೊಬ್ಬರಿಗೆ ದಾಟಿಸುವುದು ಆ ಡಬ್ಬಿಯ ಕೆಲಸ.

ಮೊದಲ ದಿನ ಡಬ್ಬಿಯ ವೇಗವೂ ಮಿಷನ್ನಿನ ವೇಗವೂ ಹೊಂದಲಿಲ್ಲ. ಒಂದು ಲಾರಿ ಸಿಮೆಂಟಿನ ತೂಕ ಮೂರು ಪ್ರಶ್ನಾರ್ಥಕ ಚಿಹ್ನೆ, ಒಂದು ಡಾಲರು, ಅರ್ಧ ಆವರಣ ಎಂದು ಬಂತು. ದಾಸ್ತಾನು ವಿಭಾಗದ ನಾಣಿಯವರು ಬಂದದ್ದನ್ನು ಬಂದ ಹಾಗೆಯೇ ರಿಜಿಸ್ಟರಿನಲ್ಲಿ ಬರೆದು, ಖಾಲಿ ಲಾರಿಯ ತೂಕವನ್ನು ಅದರಿಂದ ಕಳೆದು, ಸಹಿ ಹಾಕಿದರು. ವೀರೇಶ ಮಧ್ಯಾಹ್ನದೊಳಗೆ ವೇಗ ಸರಿಪಡಿಸಿದ. ಬರೆದದ್ದನ್ನು ಹೊಡೆದುಹಾಕಲು ನಿಯಮವಿಲ್ಲದ್ದರಿಂದ ಆ ಸಿಮೆಂಟು ಇಂದಿಗೂ ಹಾಗೆಯೇ ದಾಸ್ತಾನಿನಲ್ಲಿದೆ.

ಸಂಜೆ ಶಾಖಾ ವ್ಯವಸ್ಥಾಪಕ ಚಕ್ರಪಾಣಿಯವರು ವೀರೇಶನನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ, ಡಬ್ಬಿಗೆ ತಾವೇ ಪಾಸ್‌ವರ್ಡ್ ಹಾಕಿದರು. ಅದನ್ನು ಚೀಟಿಯಲ್ಲಿ ಬರೆದು, ಲಕೋಟೆಗೆ ಅರಗಿನ ಮುದ್ರೆ ಒತ್ತಿ, ಬೀರುವಿನಲ್ಲಿಟ್ಟರು. ಪಾಸ್‌ವರ್ಡನ್ನು ಮರೆತೂಬಿಟ್ಟರು, ಭದ್ರತೆಯ ದೃಷ್ಟಿಯಿಂದ ಇದು ಶ್ಲಾಘನೀಯ.

ಮಾರನೇ ದಿನ ಒಂದು ವಿಷಯ ಬೆಳಕಿಗೆ ಬಂತು. ಡಬ್ಬಿ ಒಂದು ಸಲಕ್ಕೆ ಒಂದೇ ಕಂಪ್ಯೂಟರಿನ ಜೊತೆ ಮಾತಾಡುತ್ತಿತ್ತು. ನಾಣಿಯವರು ನಿತ್ಯ ಬಸ್ಸಿನಲ್ಲಿ ಬರುವವರು. ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿದ ಮೇಲೆಯೇ ಬಾಗಿಲಿನತ್ತ ಹೋಗುವ ಶಿಸ್ತು ಅವರದು. ಬಂದವರೇ ಸಂಪರ್ಕ ಹಿಡಿದು, ಮಾನಿಟರಿನ ಮೇಲೆ ಕರ್ಚೀಫು ಹಾಸಿ, ತಿಂಡಿಗೆ ಹೋದರು. ಗೇಟ್ ಪಾಸ್ ವಿಭಾಗದ ಸುವರ್ಣಾ ಅವರಿಗೆ ತೂಕ ಸಿಗಲಿಲ್ಲ. ಮರುದಿನ ಅವರು ಒಂಬತ್ತಕ್ಕೇ ಬಂದು ಹಿಡಿದರು. ಅದರ ಮರುದಿನ ನಾಣಿ ಎಂಟಕ್ಕೆ ಬಂದರು. ಶಾಖೆಯ ಇತಿಹಾಸದಲ್ಲಿ ಸಿಬ್ಬಂದಿ ಹೊತ್ತಿಗೆ ಮುಂಚೆ ಬಂದದ್ದು ಅದೇ ಮೊದಲು. ಕೇಂದ್ರ ಕಛೇರಿ ಪ್ರಶಂಸಾಪತ್ರ ಕಳುಹಿಸಿತು.

"ಸಾರ್, ಬಸ್ಸಲ್ಲಿ ಮುಂದಿನ ಸೀಟು ಲೇಡೀಸ್‌ಗೆ," ಎಂದು ಸುವರ್ಣಾ ದೂರಿತ್ತರು. "ಇಲ್ಲಿ ಮಾತ್ರ ಯಾಕಿಲ್ಲ?"

"ಕರ್ಚೀಫ್ ಹಾಕಿರೋದು ಕಾಣ್ಸಲ್ವೇನಮ್ಮ?" ಎಂದರು ನಾಣಿ.

ವೀರೇಶನನ್ನು ಕರೆಸಲಾಯಿತು. "ಇದೇನ್ ದೊಡ್ಡದಲ್ರಿ ಸರ್ರ. ಒಳಗ ಒಂದು ಅಂತ ಐತಿ, ಅದನ್ನ ನಾಕು ಮಾಡಿದ್ರ ಮುಗೀತು. ಪಾಸ್‌ವರ್ಡ್ ಕೊಡ್ರಿ, ಒಂದ್ ನಿಮಿಷ."

"ಲಕೋಟೆ ಒಡೆಯೋಕೆ ಕೇಂದ್ರ ಕಛೇರಿ ಅನುಮತಿ ಬೇಕು," ಎಂದರು ಚಕ್ರಪಾಣಿ.

"ಹಂಗಾದ್ರ ಹಿಂದ ಸಣ್ಣ ತೂತು ಐತ್ರಿ. ಪಿನ್ನು ಚುಚ್ಚಿದ್ರ ಪಾಸ್‌ವರ್ಡೂ ಅಳಿಸಿ ಎಲ್ಲಾ ಮೊದಲಿನಂಗ ಆಗತೈತಿ."

ಆ ತೂತಿನ ಮೇಲೆ ದಾಸ್ತಾನು ಸಂಖ್ಯೆಯ ಚೀಟಿ ಅಂಟಿಸಲಾಗಿತ್ತು. ದಾಸ್ತಾನು ಚೀಟಿಗೆ ಪಿನ್ನು ಚುಚ್ಚುವುದು ನಿಗಮದ ಆಸ್ತಿಗೆ ಹಾನಿ. ವೀರೇಶ ಚೀಟಿಯನ್ನೂ ನಮ್ಮನ್ನೂ ನೋಡಿ, ಚಹಾ ಕುಡಿದು ಹೋದ.

ಬದಲಿಗೆ 'ಸಂಪರ್ಕ ಕಾಯ್ದಿರಿಸುವಿಕೆ ನಿಯಮಗಳು' ಹೊರಬಿದ್ದವು. ಕರ್ಚೀಫು ಬಿಳಿಯದಾಗಿದ್ದು ಒಗೆದದ್ದಾಗಿರತಕ್ಕದ್ದು. ತಿಂಡಿಗೆ ಹೋದವರ ಸಂಪರ್ಕಕ್ಕೆ ಇಪ್ಪತ್ತು ನಿಮಿಷ ರಕ್ಷಣೆ, ದೋಸೆಯಾದರೆ ಮೂವತ್ತು. ಬೆಳಗಿನ ಹೊತ್ತು ಮಹಿಳೆಯರಿಗೆ ಮೀಸಲು.

ಇಪ್ಪತ್ತೆರಡನೇ ದಿನಕ್ಕೆ ಲಾರಿಗಳ ಸಾಲು ಮೈಸೂರು ರಸ್ತೆ ಮುಟ್ಟಿತು. ಡ್ರೈವರುಗಳ ಹಾರನ್ನು ಕೇಳಲಾರದೆ ಏಕಾಂತಯ್ಯ ಕಿಟಕಿಯಿಂದ ತಲೆ ಹೊರಗೆ ಹಾಕಿದರು. "ಹನ್ನೆರಡು ಸಾವಿರದ ಮುನ್ನೂರ ನಲವತ್ತೋ!"

ಎರಡೂ ವಿಭಾಗಗಳು ಬರೆದುಕೊಂಡವು. ಸಂಪರ್ಕ ಹಿಡಿದಿದ್ದ ಸುವರ್ಣಾ ಕೂಡ ಪರದೆ ಬಿಟ್ಟು ಕಿಟಕಿಯನ್ನೇ ನಂಬಿದರು. ಸಾಲು ಒಂದು ಗಂಟೆಯಲ್ಲಿ ಕರಗಿತು. ನನಗೆ ಎಷ್ಟು ಖುಷಿಯಾಯಿತೆಂದರೆ, ಎರಡು ಟಪಾಲಿಗೆ ಒಂದೇ ಸಂಖ್ಯೆ ಹಾಕಿಬಿಟ್ಟೆ.

ಚಕ್ರಪಾಣಿ ಮೆಮೊ ಹಿಡಿದು ಓಡಿ ಬಂದರು. "ಏಕಾಂತಯ್ಯ, ಕೂಗೋದು ನಿಂತೋಗಿದೆ ಅಂತ ಗೊತ್ತಲ್ವೇನ್ರೀ?"

"ಕೂಗಿಲ್ಲ ಸಾರ್. ಸ್ವಲ್ಪ ಜೋರಾಗಿ ಓದ್ದೆ."

ಈ ಉತ್ತರದಲ್ಲಿ ನಿಯಮಬಾಹಿರವಾದದ್ದೇನೂ ಕಾಣದ್ದರಿಂದ ಅದನ್ನು ಕಡತದಲ್ಲಿ ಸೇರಿಸಲಾಯಿತು.

ಇಪ್ಪತ್ತೊಂಬತ್ತನೇ ದಿನ ಕೇಂದ್ರ ಕಛೇರಿ ಕೇಳಿತು: ಸಂಪರ್ಕ ಯಾರ ವಶದಲ್ಲಿದೆ? ನಾಣಿ ತಮ್ಮದೆಂದರು, ಸುವರ್ಣಾ ತಮ್ಮದೆಂದರು. ಇಬ್ಬರಿಗೂ ಕೊಡಲಾಗದು, ಒಬ್ಬರಿಗೆ ಕೊಟ್ಟರೆ ಇನ್ನೊಬ್ಬರು ಬಿಡರು. ಯಾವ ವಿಭಾಗಕ್ಕೂ ಸೇರದ ಮೂರನೆಯವರಿಗೆ ಕೊಡಬಹುದಲ್ಲ ಎಂದು ನಾನು ಉತ್ತರದ ಕರಡಿನಲ್ಲಿ ಒಂದು ಸಾಲು ಸೇರಿಸಿದೆ. ಚಕ್ರಪಾಣಿ ಓದದೆ ಸಹಿ ಹಾಕಿದರು. ಅವರ ಈ ಗುಣಕ್ಕೆ ನಾನು ಆಜನ್ಮ ಋಣಿ.

ಈಗ ವ್ಯವಸ್ಥೆ ಹೀಗಿದೆ. ಮಿಷನ್ನಿನ ತೂಕ ಡಬ್ಬಿಗೆ ಹೋಗಿ, ಅಲ್ಲಿಂದ ತಂತಿಯಲ್ಲಿ ಎದುರಿನ ಕಟ್ಟಡಕ್ಕೆ ಹೋಗಿ, ಇನ್ನೊಂದು ತಂತಿಯಲ್ಲಿ ವಾಪಸು ಬಂದು, ಅದೇ ಮಿಷನ್ನಿನ ಪಕ್ಕದಲ್ಲಿಟ್ಟಿರುವ ಕಂಪ್ಯೂಟರಿನಲ್ಲಿ ಮೂಡುತ್ತದೆ. ಏಕಾಂತಯ್ಯ ಅದನ್ನು ಕಿಟಕಿಯಿಂದ ಜೋರಾಗಿ ಓದುತ್ತಾರೆ. ಜಾಲದ ಅವಿಭಾಜ್ಯ ಭಾಗವಾದ್ದರಿಂದ ಅವರನ್ನು ಹೆಚ್ಚುವರಿ ಸಿಬ್ಬಂದಿಯ ಪಟ್ಟಿಯಿಂದ ತೆಗೆದು ಉಪಕರಣಗಳ ಪಟ್ಟಿಗೆ ಸೇರಿಸಲಾಗಿದೆ, ಉಪಕರಣಗಳಿಗೆ ವರ್ಗಾವಣೆಯಿಲ್ಲ. ಆ ದಿನ ಅವರು ಎಲ್ಲರಿಗೂ ಮೈಸೂರು ಪಾಕ್ ಹಂಚಿ, ಕಣ್ಣೊರೆಸಿಕೊಂಡರು.

ಮೂರು ತಿಂಗಳಿಗೊಮ್ಮೆ ವೀರೇಶ ವಾರ್ಷಿಕ ನಿರ್ವಹಣೆಯ ಕರಾರಿನಂತೆ ಬರುತ್ತಾನೆ. ಡಬ್ಬಿಯ ಹಸಿರು ದೀಪ ನೋಡುತ್ತಾನೆ. ಆಮೇಲೆ ಏಕಾಂತಯ್ಯನವರಿಗೆ ಕಲ್ಲುಸಕ್ಕರೆ ಕೊಟ್ಟು, "ಒಮ್ಮೆ ಒದರ್ರಿ ಅಜ್ಜಾರ," ಎಂದು ಕೂಗಿಸಿ ಕೇಳಿ, ಉಪಕರಣಗಳ ಪಟ್ಟಿಯಲ್ಲಿ ಎರಡರ ಮುಂದೆಯೂ 'ಸುಸ್ಥಿತಿಯಲ್ಲಿದೆ' ಎಂದು ಬರೆದು ಸಹಿ ಹಾಕಿ ಹೋಗುತ್ತಾನೆ.